ಮಣ್ಣು ಬಿಟ್ಟ ಮುಲಾಮು

ದುರ್ಗದಬೈಲಿನಲ್ಲಿ ನನ್ನ ಬಳೆ ಅಂಗಡಿಯ ಎದುರಿಗೇ ಹಕೀಮ ಹಜರತಅಲಿಯ ಔಷಧದಂಗಡಿ. ಹೆಂಡತಿ ತೀರಿಕೊಂಡ ಮೇಲೆ ಮನುಷ್ಯ ಒಂಟಿ. ಸಂಜೆ ನಾವೆಲ್ಲ ಮನೆಯ ದಾರಿ ಹಿಡಿದರೆ ಇವನು ಬಾಗಿಲು ಹಾಕದಿರಲು ನೆಪ ಹುಡುಕುತ್ತಿದ್ದ.

ಅವನ ಹೆಸರು ನಿಂತಿದ್ದು ನೋವಿನ ಮುಲಾಮಿನ ಮೇಲೆ. ಕರ್ಪೂರ ಕರಗಿಸಿದ ಎಣ್ಣೆಯನ್ನು ಗೋಂದಿನ ನೀರಿನ ಜೊತೆ ಅರೆದರೆ ಅದು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಬಟ್ಟೆಯಲ್ಲಿ ಸೋಸಿದ ಬಿಳಿ ಮಣ್ಣು ಬೆರೆಸಿದರೆ, ಅದರ ಕಣಗಳು ಒಂದೊಂದು ಹನಿಯನ್ನೂ ಸುತ್ತುವರಿದು ಕೂರುತ್ತವೆ. ಆಗ ಕರ್ಪೂರ ಬೆಳಗಿನವರೆಗೂ ಸ್ವಲ್ಪಸ್ವಲ್ಪವೇ ಮೈಗಿಳಿಯುತ್ತದೆ. ಮಣ್ಣು ಹಾಕದೆ ಬಿಟ್ಟರೆ ಹಚ್ಚಿದ ಕೂಡಲೇ ಚುರುಚುರು, ತಾಸಿನಲ್ಲಿ ಕರ್ಪೂರ ಖಾಲಿ, ಮತ್ತೆ ಹಚ್ಚಬೇಕು.

ಹತ್ತಿ ದಲಾಲಿ ಬಿಟ್ಟು ಮನೆಯಲ್ಲಿದ್ದ ಕುಬೇರಪ್ಪನಿಗೆ ಮೊಣಕಾಲು ನೋವು. ಮುಲಾಮಿಗೆ ಬಂದರೆ ಚಹಾ, ಮಾತು, ಯಾರದೋ ಮದುವೆಯ ಜಗಳ. ಆದರೆ ಒಂದು ಡಬ್ಬಿ ತಿಂಗಳುಗಟ್ಟಲೆ ಸಾಲುತ್ತಿತ್ತು. ಅಲ್ಲಿಯವರೆಗೆ ಅವನ ಮುಖ ಕಾಣುತ್ತಿರಲಿಲ್ಲ. ಅಲಿ ಒಂದು ಸಲ ಮಣ್ಣು ಬಿಟ್ಟ. ಕುಬೇರಪ್ಪ ವಾರಕ್ಕೇ ಬಂದ. ಮುಂದಿನ ವಾರವೂ ಬಂದ. ನಮ್ಮ ಹಕೀಮನಿಗೆ ರುಚಿ ಹತ್ತಿತು. ಇಬ್ಬರ ನಗು ನನ್ನ ಅಂಗಡಿಗೂ ಕೇಳುತ್ತಿತ್ತು, ಕಾರಣ ಮಾತ್ರ ನನಗೆ ಗೊತ್ತಿರಲಿಲ್ಲ.

ಶ್ರಾವಣದ ಒಂದು ಸಂಜೆ ಕುಬೇರಪ್ಪ ಕಂಬ ಹಿಡಿದು ಮೆಟ್ಟಿಲು ಹತ್ತಿದ.

"ಅಲಿ ಸಾಹೇಬ್ರ, ನಿಮ್ಮ ಔಷಧದ್ದೇನೂ ತಪ್ಪಿಲ್ಲ ಬಿಡ್ರಿ. ನನ್ನ ಮೊಣಕಾಲ ಕೆಟ್ಟೈತಿ. ರಾತ್ರಿ ನಿದ್ದಿ ಇಲ್ಲ. ಸೋಮವಾರ ಸತ್ತೂರ ದವಾಖಾನಿಗೆ ಹೋಗಿ ಆಪರೇಶನ್‌ಗೆ ಹೆಸರ ಹಚ್ಚತೇನಿ."

ಅಲಿ ಚಹಾ ಕೆಳಗಿಟ್ಟ. "ಸ್ವಲ್ಪ ತಡೀರಿ ಕುಬೇರಪ್ಪನವರ. ನಾಳೆ ಬ್ಯಾರೆ ಡಬ್ಬಿ ಕೊಡ್ತೇನಿ, ಹಚ್ಚಿ ನೋಡ್ರಿ."

ಕುಬೇರಪ್ಪ ಹೋದ ಮೇಲೆ ಅಲಿ ಅರೆಯಲು ಕೂತ. ತೋಳು ಬಿದ್ದುಹೋಗುವ ಹಾಗೆ ಅರೆಯುತ್ತಿದ್ದವನನ್ನು ನೋಡಲಾಗದೆ ನಾನು ಎದ್ದು ಅವನ ಅಂಗಡಿಗೆ ಹೋದೆ. ಅರೆಯುತ್ತಲೇ ಎಲ್ಲ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಒಬ್ಬರ ನಿದ್ದೆ ಕೆಡಿಸಿ ತನ್ನ ಹೊತ್ತು ಕಳೆಯುತ್ತಾರೇನು?

"ಮನ್ಯಾಗ ಗೋಡಿ ಕೂಡ ಮಾತಾಡಾಕತ್ತಿದ್ದೆ," ಎಂದ. ಬೈಯುವುದು ಬಿಟ್ಟು, ಮಣ್ಣು ಸೋಸಲು ಬಟ್ಟೆಯ ಇನ್ನೊಂದು ತುದಿ ಹಿಡಿದೆ.

ಕುಬೇರಪ್ಪ ಸತ್ತೂರಿಗೆ ಹೋಗಲಿಲ್ಲ. ದಸರೆ ಕಳೆದ ಮೇಲೆ ಒಂದು ದಿನ ರಸ್ತೆಯ ಆಚೆ ಬದಿಯಲ್ಲಿ ಕಾಯಿಪಲ್ಲೆ ಚೀಲ ಹಿಡಿದು ಬಿರಬಿರನೆ ನಡೆದಿದ್ದ. ಅಲಿ ಕಾದಿದ್ದವನಂತೆ ಎದ್ದುನಿಂತ. ಚಹಾದವನಿಗೆ ಎರಡು ಬೆರಳು ತೋರಿಸಿ, "ಬರ್ರಿ, ಚಹಾ ಕುಡಿಯೂಣು," ಎಂದು ಕೂಗಿದ.

"ಡಬ್ಬಿ ಇನ್ನೂ ಅರ್ಧ ಐತ್ರೀ," ಕುಬೇರಪ್ಪ ನಡೆಯುತ್ತಲೇ ಕೈ ಬೀಸಿದ. "ರಾತ್ರಿ ಕುಂಭಕರ್ಣ ಆಗೇನಿ."

ಅಲಿಗೆ ಖುಷಿಯಾಯಿತು, ಅದು ಖರೆ. ಚಹಾ ಬಂತು. ಎರಡನ್ನೂ ಒಬ್ಬನೇ ಕುಡಿದ.