ಕಾಲು ಮಾತ್ರೆ

ನನ್ನ ಗಂಡ ಅಚ್ಚುಮನೆಯಲ್ಲಿ ಕರಡು ತಿದ್ದುವವರು. ಅಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಒತ್ತಕ್ಷರ’ ಎಂದೇ. ಅಂಗಡಿಯ ಬೋರ್ಡು, ಬಸ್ಸಿನ ಹಿಂಬದಿ, ಔಷಧಿ ಬಾಟಲಿಯ ಚೀಟಿ, ಯಾವುದರ ಮೇಲೆ ತಪ್ಪಿದ್ದರೂ ಬಿಟ್ಟವರಲ್ಲ. ಮದುವೆಗೆ ಮುಂಚೆ ನಾನು ಆಸೆಪಟ್ಟು ಬರೆದ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದ ಮಹಾನುಭಾವರು.

ಇಂಥವರಿಗೆ ಕಾಲಿನ ಕಾಯಿಲೆ ಗಂಟುಬಿತ್ತು. ನೋವಲ್ಲ, ಉರಿಯಲ್ಲ. ಸಂಜೆ ಕುರ್ಚಿಯಲ್ಲಿ ಕೂತರೆ ಮೂಳೆಯೊಳಗೆ ಹುಳ ಹರಿದಂತಾಗುತ್ತದಂತೆ, ಎದ್ದು ನಡೆದರೆ ಮಾತ್ರ ನಿಲ್ಲುತ್ತದಂತೆ. ಅಚ್ಚುಮನೆಯಲ್ಲಿ ಕರಡು ಕೈಗೆ ಬರುವುದೇ ಸಂಜೆ. ನಿಂತು ಓದಿದರು, ನಡೆಯುತ್ತಾ ಓದಿದರು, ಕಾಗದದ ರಾಶಿ ಎಡವಿ ಬಿದ್ದರು. ವರ್ಷಗಟ್ಟಲೆ ನುಂಗಿದ ಹಳೆಯ ಮಾತ್ರೆ ಕಡೆಗೆ ತಿರುಗಿಬಿದ್ದು, ಸಂಜೆಯ ಕಾಟ ಮಧ್ಯಾಹ್ನಕ್ಕೇ ಶುರುವಾಯಿತು. ಕೂರಲಾಗದಿದ್ದರೆ ಆ ಕೆಲಸವಿಲ್ಲ. ಆ ಕೆಲಸವಿಲ್ಲದೆ ಮನೆಯಲ್ಲಿ ಕೂತ ಇವರನ್ನು ಊಹಿಸಿಕೊಳ್ಳಲೂ ನನಗೆ ಭಯವಾಗುತ್ತಿತ್ತು.

ಡಾಕ್ಟರಮ್ಮ ಹೊಸ ಔಷಧಿ ಬರೆದರು.

“ಇದು ಅಫೀಮಿನ ಜಾತಿದು. ಬೇರೆ ಯಾವುದೂ ನಾಟದೇ ಇದ್ದಾಗ ಕೊಡ್ತೀವಿ. ರಕ್ತದಲ್ಲಿ ಕಬ್ಬಿಣಾನೂ ಕಮ್ಮಿ ಇದೆ. ಕಬ್ಬಿಣದ ಮಾತ್ರೆ ಬೆಳಗ್ಗೆ, ಕಾಲು ಮಾತ್ರೆ ಸಂಜೆ. ಮಲಬದ್ಧತೆ ಆಗತ್ತೆ, ನೀರು ಚೆನ್ನಾಗಿ ಕುಡೀರಿ.”

ಇಷ್ಟು ಹೇಳಿ ಮುಂದಿನವರನ್ನು ಕರೆದರು. ಚೀಟಿಯಲ್ಲಿದ್ದ ಅಕ್ಷರವನ್ನು ಒತ್ತಕ್ಷರದವರಿಗೂ ಓದಲಾಗಲಿಲ್ಲ.

ಮೊದಲ ಸಂಜೆ ಕಾಲು ಸುಮ್ಮನಾಯಿತು. ನಾನು ಹಿಗ್ಗಿದೆ. ಆಮೇಲೆ ಶುರುವಾಯಿತು ನೋಡಿ. ತಿಂದದ್ದೆಲ್ಲ ಬಕೆಟ್ಟಿಗೆ. ಮೂಗು ಕೆರೆದು ಕೆರೆದು ಸಿಪ್ಪೆ ಎದ್ದಿತು. ಕೂತಲ್ಲೇ ತೂಕಡಿಕೆ, ತೂಕಡಿಸಿದಲ್ಲೇ ಜೊಲ್ಲು. ಹೊಟ್ಟೆಯಂತೂ ಬೀಗ ಹಾಕಿಕೊಂಡು ಕೂತಿತು. ಗಂಡಹೆಂಡಿರ ಮಾತೆಲ್ಲ “ಇವತ್ತಾದ್ರೂ ಆಯ್ತಾ?” “ಇಲ್ಲ ಕಣೆ” ಎಂಬಲ್ಲಿಗೆ ಬಂದು ನಿಂತಿತು. ಬಚ್ಚಲಿನಿಂದ ಬರುವ ತಿಣುಕುವ ಸದ್ದು ಕೇಳಿಸಿಕೊಂಡೇ ನಾನು ತಟ್ಟೆಗೆ ಕೈ ಹಾಕಬೇಕು. ಹೇಸಿಗೆಯಾಯಿತು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕಟ್ಟಿಕೊಂಡ ಗಂಡನಾದರೂ ವಾಂತಿ ವಾಂತಿಯೇ.

ಒಂದು ದಿನವೂ ಆ ಬಕೆಟ್ ಮುಟ್ಟದ ನಾದಿನಿ ಫೋನಿನಲ್ಲಿ, “ಅತ್ತಿಗೆ, ನಮ್ಮಣ್ಣಂಗೆ ಅಫೀಮು ತಿನ್ನಿಸ್ತಿದೀಯಂತೆ?” ಎಂದಳು.

“ಹೂಂ, ನಿಂಗೂ ಒಂದು ಎತ್ತಿಟ್ಟಿದೀನಿ, ಬಾ” ಎಂದು ಫೋನ್ ಇಟ್ಟೆ.

ಅದೇ ವಾರ ನಿವೃತ್ತರ ಸಂಘದ ಸ್ಮರಣ ಸಂಚಿಕೆ ಅಚ್ಚಾಯಿತು. ಕರಡು ನೋಡಿದವರು ಇವರೇ. ಮುಖಪುಟದಲ್ಲಿ ದಪ್ಪಕ್ಷರದಲ್ಲಿ ‘ಮರಣ ಸಂಚಿಕೆ’ ಎಂದಿತ್ತು. ಸಂಘದ ಅಧ್ಯಕ್ಷರು ಕೋಲೂರಿಕೊಂಡು ಬಂದು, “ನಾವಿನ್ನೂ ಬದುಕಿದೀವಲ್ಲಪ್ಪಾ” ಎಂದರಂತೆ. ಅಚ್ಚುಮನೆಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾಲೀಕರು ನಗಲಿಲ್ಲ.

“ಸ್ವಲ್ಪ ದಿನ ಮನೇಲಿರಿ. ಹುಷಾರಾದ್ರೆ ಹೇಳಿ ಕಳ್ಸಿ, ನೋಡೋಣ” ಎಂದರು.

ಇವರು ಮನೆಗೆ ಬಂದು ಚಪ್ಪಲಿ ಬಿಡದೆ ಕೂತರು. “ಮಾತ್ರೆ ಬಿಟ್ರೆ ಕೂರಕ್ಕಾಗಲ್ಲ, ತಗೊಂಡ್ರೆ ಕಣ್ಣು ನಿಲ್ಲಲ್ಲ. ಏನ್ಮಾಡ್ಲಿ ಹೇಳು” ಎಂದರು. ನಾನು ಬಗ್ಗಿ ಅವರ ಚಪ್ಪಲಿ ಬಿಚ್ಚಿದೆ.

ಮಾತ್ರೆಯೂ ಮುಗಿದಿತ್ತು. ಇಬ್ಬರೂ ಔಷಧಿ ಅಂಗಡಿಗೆ ಹೋದೆವು. ಅಂಗಡಿಯವನು ಚೀಟಿ ನೋಡಿ, “ಇದು ತಿಂಗಳಿಗೆ ಕೊಟ್ಟಿದ್ದು. ಆಗ್ಲೇ ಮುಗಿಸಿದ್ರಾ?” ಎಂದ. ಇವರ ಕಣ್ಣನ್ನು, ಕೆರೆದ ಮೂಗನ್ನು ದಿಟ್ಟಿಸಿದ. ಕುಡುಕರನ್ನು ನೋಡುವ ಹಾಗೆ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಂದ ನೇರ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

“ದಿನಕ್ಕೆ ಎಷ್ಟು ತಗೋತಿದ್ರಿ?”

“ಒಂದು” ಎಂದರು ಇವರು.

“ನಾನು ಕಾಲು ಅಂದಿದ್ನಲ್ಲ?”

“ಹೂಂ, ಕಾಲು ಮಾತ್ರೆ. ಅದನ್ನೇ ತಗೊಂಡೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಕಾಲು ಅಂದ್ರೆ ನಾಲ್ಕರಲ್ಲಿ ಒಂದು ಭಾಗ ಕಣ್ರೀ. ಮಾತ್ರೆ ಮೇಲೆ ಅಡ್ಡ ಉದ್ದ ಗೀಟು ಯಾಕಿದೆ ಅಂದ್ಕೊಂಡ್ರಿ? ನಿದ್ದೇಲಿ ಉಸಿರು ನಿಂತುಹೋಗಬಹುದಿತ್ತು.”

ಶುಗರ್ ಮಾತ್ರೆ, ಬಿಪಿ ಮಾತ್ರೆ ಇರುವಾಗ ಕಾಲಿಗೂ ಒಂದು ಕಾಲು ಮಾತ್ರೆ ಎಂದು ನಾವಿಬ್ಬರೂ ತಿಳಿದಿದ್ದೆವು. ನನಗೆ ಎಲ್ಲರ ಮೇಲೂ ಅಸಹ್ಯ ಹುಟ್ಟಿತು. ಜೀವದ ವಿಷಯವನ್ನು ಬಾಯಲ್ಲೇ ಎಸೆದ ಡಾಕ್ಟರಮ್ಮನ ಮೇಲೆ, ಗೋಣು ಆಡಿಸಿಕೊಂಡು ಬಂದ ನನ್ನ ಮೇಲೆ, ಒಂದು ಪದಕ್ಕೆ ಎರಡರ್ಥ ಬಂದರೆ ಬರೆದವರ ಜೊತೆ ಗಂಟೆಗಟ್ಟಲೆ ವಾದಕ್ಕೆ ನಿಲ್ಲುವ ಈ ಮನುಷ್ಯನ ಮೇಲೆ. ತಿರುಗಿ ನೋಡಿದರೆ ಇವರು ನೆಲ ನೋಡುತ್ತಾ “ಕಾಲು, ಕಾಲು” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ.

ಅಂದು ಆಸ್ಪತ್ರೆಯಲ್ಲೇ ಇರಿಸಿಕೊಂಡು ನೋಡಿದರು. ಆಮೇಲೆ ಕಾಲು ಅಂದರೆ ಕಾಲೇ, ಜೊತೆಗೆ ಹೊಟ್ಟೆ ಸಡಿಲವಾಗಲು ಒಂದು ಪುಡಿ. ಬ್ಲೇಡಿನಿಂದ ಕತ್ತರಿಸುವುದು ನನ್ನ ಕೆಲಸ. ಬೆರಳಿಗೆ ಅಂಟಿದ ಚೂರು ಕಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ವಾಂತಿ ನಿಂತಿತು, ತೂಕಡಿಕೆ ಹೋಯಿತು, ಕಾಲೂ ಸುಮ್ಮನಿತ್ತು. ಡಾಕ್ಟರಮ್ಮ ಒಪ್ಪಿದ ಮೇಲೆ ಮಾಲೀಕರು ಕರೆಸಿಕೊಂಡರು.

ಮೊದಲ ದಿನವೇ ಇವರು ಕರಡನ್ನು ಮನೆಗೆ ಹೊತ್ತುಕೊಂಡು ಬಂದು ಮೇಜಿನ ಮೇಲೆ ಹರಡಿದರು. ತಿದ್ದಿ ಮುಗಿಸಿಯಾಗಿತ್ತು.

“ನೀನೊಂದ್ಸಲ ಓದು” ಎಂದರು.

ನನ್ನ ಪತ್ರವನ್ನೇ ಕೆಂಪು ಶಾಯಿಯಲ್ಲಿ ತಿದ್ದಿದವರು ನನ್ನ ಕೈಗೆ ಕರಡು ಕೊಡುತ್ತಿದ್ದರು. ವಾಂತಿ ಬಳಿಯುವಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ. ಮೊದಲಿಂದ ಕಡೆಯವರೆಗೆ ಓದಿದೆ.

“ಒಂದೂ ತಪ್ಪಿಲ್ಲ ರೀ.”

“ಇನ್ನೊಂದ್ಸಲ ಓದು” ಎಂದರು. “ಜೋರಾಗಿ ಓದು, ನಾನೂ ಕೇಳಿಸ್ಕೋತೀನಿ.”