ಮುಂದಿನ್ಸಲ ಮಾಮ
ಮನೆ ಮನೆಗೆ ಹೋಗಿ ಮೀಟರ್ ಓದುವ ಕೆಲಸದಿಂದ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ‘ಮುಂದಿನ್ಸಲ ಮಾಮ’ ಎಂದು ಕರೆಯುತ್ತಿದ್ದರು. ಈಗ ಯಾರೂ ಹಾಗನ್ನುವುದಿಲ್ಲ. ಭಾನುವಾರ ಹೆಂಡತಿಯೊಡನೆ ಕೆರೆಗೆ ಹಕ್ಕಿ ನೋಡಲು ಹೋಗುವುದು ಆಗ ಅವರ ಹುಚ್ಚಾಗಿತ್ತು. ಹೋದಲ್ಲೆಲ್ಲ ಎಡವಟ್ಟು ಮಾಡಿಕೊಂಡು, ಕಲಿತ ಪಾಠವನ್ನು ಜೇಬಿನ ಪುಸ್ತಕದಲ್ಲಿ ಬರೆಯುವುದು ಅದಕ್ಕಿಂತ ದೊಡ್ಡ ಹುಚ್ಚು. ‘ಮುಂದಿನ ಸಲ ಕೊಡೆ ಒಯ್ಯಬೇಕು.’ ‘ಮುಂದಿನ ಸಲ ದುರ್ಬೀನಿನ ಮುಚ್ಚಳ ತೆಗೆದು ನೋಡಬೇಕು.’ ಕೊಡೆಯ ಪಾಠವೊಂದನ್ನೇ ಹದಿನೇಳು ಸಲ ಕಲಿತಿದ್ದರು. “ಬರೆದದ್ದನ್ನ ಹೊರಡೋ ಮುಂಚೆ ಒಂದ್ಸಲ ಓದಬಾರ್ದಾ?” ಎಂದು ಹೆಂಡತಿ ನೆನೆದ ಕೂದಲು ಹಿಂಡುತ್ತಾ ಕೇಳಿದರೆ, “ಓದೋಣ ಬಿಡೇ, ಮುಂದಿನ್ಸಲ” ಎನ್ನುತ್ತಿದ್ದರು. ಒಂದು ಭಾನುವಾರ ಕೆರೆಯ ದಡದಲ್ಲಿ ಆಕೆ ಎದೆ ಹಿಡಿದುಕೊಂಡು ಕೂತಾಗ, “ಗ್ಯಾಸ್ ಇರ್ಬೇಕು, ನೀರು ಕುಡಿ” ಎಂದು ದುರ್ಬೀನಿನಿಂದ ಕಣ್ಣು ತೆಗೆಯದೆ ಹೇಳಿದರು. ಆಸ್ಪತ್ರೆಯಿಂದ ಒಬ್ಬರೇ ಮರಳಿದವರು ಅಭ್ಯಾಸಬಲದಿಂದ ಬರೆದರು: ‘ಮುಂದಿನ ಸಲ ಅವಳು ಎದೆನೋವು ಅಂದ ಕೂಡಲೇ ಹೊರಡಬೇಕು.’ ಈಗ ಭಾನುವಾರ ಬಂದರೆ ಮರೆಯದೆ ಕೊಡೆ ಹಿಡಿದು, ಚಪ್ಪಲಿ ಮೆಟ್ಟಿ, ಹೊಸ್ತಿಲಲ್ಲಿ ನಿಂತು ಪುಸ್ತಕ ತೆರೆಯುತ್ತಾರೆ. ಆ ಸಾಲು ಓದಿ, ಚಪ್ಪಲಿ ಬಿಚ್ಚಿ ಒಳಗೆ ಬರುತ್ತಾರೆ.