ಗವಿಸಿದ್ದಪ್ಪನ ರೆಪಾಸಿಟರಿ

ಕಂಪ್ಯೂಟರಿಗೆ ಸಾವು ಅರ್ಥವಾಗುವುದಿಲ್ಲ. ‘ವಿಳಾಸ ಸಿಗುತ್ತಿಲ್ಲ’ ಎಂದಷ್ಟೇ ಹೇಳುತ್ತದೆ.

ಹೊಸಪೇಟೆಯ ಒಂದು ಸಣ್ಣ ವಾಚನಾಲಯದ ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವವನು ನಾನು. ನೋಡಿಕೊಳ್ಳುವುದೆಂದರೆ, ನೆಟ್ಟಗಿದ್ದದ್ದನ್ನು ಅಪ್‌ಗ್ರೇಡ್ ಮಾಡಿ ಕೆಡಿಸುವುದು, ಆಮೇಲೆ ದಿನವಿಡೀ ರಿಪೇರಿ ಮಾಡುವುದು. ಲಿನಕ್ಸಿಗೆ ಬೇಕಾದ ತಂತ್ರಾಂಶಗಳು ರೆಪಾಸಿಟರಿ ಎಂಬ ಉಗ್ರಾಣಗಳಲ್ಲಿರುತ್ತವೆ. ನಾವು ವಿಳಾಸ ಬರೆದಿಟ್ಟರೆ ಯಂತ್ರವೇ ಹೋಗಿ ತರುತ್ತದೆ. ದೊಡ್ಡ ಉಗ್ರಾಣಗಳಿಗೆ ಕಾಯುವವರು ನೂರಾರು ಮಂದಿ. ಕೆಲವಕ್ಕೆ ಒಬ್ಬನೇ.

ಸಂಡೂರಿನ ಗಣಿ ಆಫೀಸಿನಲ್ಲಿದ್ದ ನನ್ನ ಗೆಳೆಯ ಗವಿಸಿದ್ದಪ್ಪ ಅಂಥ ಒಬ್ಬ. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ತಿದ್ದಿ ತಿದ್ದಿ ತನ್ನ ರೆಪಾಸಿಟರಿಯಲ್ಲಿ ಇಡುತ್ತಿದ್ದ. ಕಳೆದ ಬೇಸಿಗೆಯಲ್ಲಿ ಎದೆನೋವು ಬಂತು, ಹೋಗಿಬಿಟ್ಟ. ಸರ್ವರಿನ ಬಾಡಿಗೆ ಕಟ್ಟುವವರಿಲ್ಲದೆ ಅವನ ರೆಪಾಸಿಟರಿಯೂ ಮುಚ್ಚಿತು. ಮುಚ್ಚಿದ್ದು ತಿಳಿಯದೆ ನಾನು ಅಪ್‌ಗ್ರೇಡ್ ಮಾಡಿದೆ. ಹಳೆಯ ತಂತ್ರಾಂಶ ಅಳಿಸಿಹೋಯಿತು, ಹೊಸದು ಬರಲಿಲ್ಲ.

ಮರುದಿನ ಶರಣಮ್ಮ ಟೀಚರ್ ಬಂದರು. ಕಂಪ್ಲಿಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಕಣ್ಣು ಹೋದ ಮೇಲೆ ಇಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಬೆಳಗಿನ ಪತ್ರಿಕೆಯನ್ನು ನಮ್ಮ ಯಂತ್ರದಿಂದ ಓದಿಸಿಕೊಂಡು ಕೇಳುತ್ತಾರೆ.

“ಏನ್ರಿ ಇದು, ಇವತ್ತು ಮಾತೇ ಆಡವಲ್ದು?”

“ಗವಿಸಿದ್ದಪ್ಪನ ರೆಪಾಸಿಟರಿ ಬಂದ್ ಆಗೇತ್ರಿ ಟೀಚರ್.”

“ಹಂಗಾರ ಅವರಿಗೆ ನನ್ನ ಮ್ಯಾಲೆ ಸಿಟ್ಟು ಬಂದದ್ದು ಖರೇನ. ಅದು ತಪ್ಪು ಓದಿದಾಗೆಲ್ಲ ಫೋನ್ ಮಾಡಿ ಹೇಳ್ತಿದ್ದೆ. ‘ಕಿ.ಮೀ.’ ಅಂದ್ರ ಕಿಲೋಮೀಟರಪ್ಪ, ಹಕ್ಕಿ ಕೂಗಲ್ಲ ಅಂದಿದ್ದೆ. ಭಾಳ ತಪ್ಪು ತೋರ್ಸಿದೆ ಕಾಣ್ತದ. ಈಗ ಫೋನೇ ಎತ್ತಂಗಿಲ್ಲ.”

ಅವರಿಗೆ ವಿಷಯ ತಿಳಿದಿರಬಹುದೆಂದುಕೊಂಡಿದ್ದೆ. ತಿಳಿದಿರಲಿಲ್ಲ. ಹೇಳಿದೆ. ಟೀಚರ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು, ಅದರ ವೈರನ್ನು ಬೆರಳಿಗೆ ಸುತ್ತುತ್ತ ಕೂತರು.

ಆ ಭಾನುವಾರ ಸಂಡೂರಿಗೆ ಹೋದೆ. ಗವಿಸಿದ್ದಪ್ಪನ ಹೆಂಡತಿ ನೀಲಮ್ಮ ಅವನ ಕಂಪ್ಯೂಟರಿನ ಮೇಲಿನ ಕೆಂಪು ಧೂಳು ಒರೆಸಿ ಕೊಟ್ಟರು. ರೆಪಾಸಿಟರಿಯ ಪ್ರತಿ ಅದರಲ್ಲಿತ್ತು. ಅದನ್ನು ಇಳಿಸಿಕೊಳ್ಳುತ್ತ ಟೀಚರ ಮಾತು ಹೇಳಿದೆ.

“ಸಿಟ್ಟಾ?” ಅಂದರು ನೀಲಮ್ಮ. “ಆ ಟೀಚರ್ ಫೋನ್ ಬಂದ್ರ ಉಣ್ಣೋದು ಬಿಟ್ಟು ಏಳ್ತಿದ್ರು ರೀ. ಮಾಡಿದ್ದನ್ನ ಕೇಳೋರು ಒಬ್ಬರರ ಅದಾರಲ್ಲ ಅಂತಿದ್ರು.”

ವಾಪಸ್ ಬಂದು ನಮ್ಮ ಯಂತ್ರದಲ್ಲೇ ಪುಟ್ಟ ರೆಪಾಸಿಟರಿ ಕಟ್ಟಿ, ಹೊಸ ವಿಳಾಸ ಬರೆದೆ. ಹಳೆಯದನ್ನು ಅಳಿಸಲು ಕೈ ಬರಲಿಲ್ಲ. ಲಿನಕ್ಸಿನಲ್ಲಿ ಒಂದು ಅನುಕೂಲವಿದೆ: ಸಾಲಿನ ಮುಂದೆ ಒಂದು ಗುರುತು ಹಾಕಿದರೆ ಯಂತ್ರ ಅದನ್ನು ದಾಟಿ ಮುಂದೆ ಹೋಗುತ್ತದೆ, ಸಾಲು ಮಾತ್ರ ಇದ್ದಲ್ಲೇ ಇರುತ್ತದೆ. ಮನುಷ್ಯನ ತಲೆಗೆ ಈ ಸೌಲಭ್ಯವಿಲ್ಲ.

ನೀಲಮ್ಮ ಹೇಳಿದ್ದನ್ನು ಕೇಳಿ ಟೀಚರ್ “ಹೌದಾ” ಅಂದರು. ಹೆಡ್‌ಫೋನ್ ಹಾಕಿಕೊಂಡರು. ಪತ್ರಿಕೆ ಓದು ಶುರುವಾಯಿತು. ಶ್ರದ್ಧಾಂಜಲಿಯ ಪುಟದಲ್ಲಿ ತಟ್ಟನೆ ಕೈಯೆತ್ತಿ ನಿಲ್ಲಿಸಿದರು.

“‘ದಿ. ಬಸಪ್ಪ’ ಅಂತ ಇದ್ದದ್ದನ್ನ ‘ದಿನಾಂಕ ಬಸಪ್ಪ’ ಅಂತ ಓದ್ತದ ನೋಡ್ರಿ. ಹೆಸರಿನ ಮುಂದ ಬಂದ್ರ ಅದು ದಿವಂಗತ.” ಆಮೇಲೆ ಮೆತ್ತಗೆ ಕೇಳಿದರು, “ಈಗ ಇದನ್ನ ಯಾರಿಗೆ ಹೇಳ್ಲಿ?”

“ನನಗ ಹೇಳ್ರಿ,” ಅಂದುಬಿಟ್ಟೆ.

ತಿದ್ದುವುದು ನನಗಿನ್ನೂ ಬರುವುದಿಲ್ಲ. ದಿನಾಂಕಕ್ಕೂ ದಿವಂಗತಕ್ಕೂ ಇರುವ ವ್ಯತ್ಯಾಸವನ್ನು ಯಂತ್ರಕ್ಕೆ ಹೇಗೆ ಹೇಳಿಕೊಡುವುದೆಂದು ದಿನಾ ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದೇನೆ.